ಶುಗರ್ ಕ್ರಿಸ್ಪ್ ಅಮೆರಿಕದಲ್ಲಿ ಏಕೆ ಸಿಗುತ್ತಿಲ್ಲ: ಪ್ರತಿಕ್ರಿಯೆ

ಕೆನಡಾದಲ್ಲಿ ನಿಮ್ಮ ಮಗ ಇಷ್ಟಪಟ್ಟು ತಿನ್ನುತ್ತಿದ್ದ ಶುಗರ್ ಕ್ರಿಸ್ಪ್ ಎಂಬ ಬೆಳಗಿನ ಉಪಾಹಾರದ ಸೀರಿಯಲ್ ಅಮೆರಿಕದ ಅಂಗಡಿಗಳಲ್ಲಿ ಸಿಗದಿರಲು ಬಹುಮಟ್ಟಿಗೆ ಹೆಸರಿನ ವ್ಯತ್ಯಾಸವೇ ಕಾರಣ. ಪೋಸ್ಟ್ ಕಂಪನಿಯು 1949ರಲ್ಲಿ ಆ ಹೆಸರಿನಿಂದ ಮಾರುಕಟ್ಟೆಗೆ ತಂದ, ಅರಳಿಸಿ ಸಕ್ಕರೆ ಲೇಪಿಸಿದ ಗೋಧಿಯ ಈ ತಿನಿಸು ಅಮೆರಿಕದಲ್ಲಿ ಈಗ ಗೋಲ್ಡನ್ ಕ್ರಿಸ್ಪ್ ಎನಿಸಿಕೊಂಡಿದೆ. ಕೆನಡಾದಲ್ಲಿ ಹಳೆಯ ಹೆಸರೇ ಉಳಿದಿದೆ. ಹೆಸರು ಬದಲಾಗಿರುವುದರಿಂದ ಸಕ್ಕರೆಯೂ ಕಡಿಮೆಯಾಗಿರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ನಂಬಬೇಡಿ. 1980ರ ದಶಕದಲ್ಲಿ ಇದರ ಮತ್ತು ಕೆಲಾಗ್ಸ್ ಕಂಪನಿಯ ಇಂಥದ್ದೇ ತಿನಿಸಾದ ಶುಗರ್ ಸ್ಮ್ಯಾಕ್ಸ್‌ನ ಪೆಟ್ಟಿಗೆಗಳಿಂದ ‘ಶುಗರ್’ ಎಂಬ ಪದ ಮರೆಯಾಯಿತಾದರೂ, 2008ರಲ್ಲಿ ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ಪರಿಶೀಲಿಸಿದಾಗ ಎರಡರಲ್ಲೂ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ ಆಗಿತ್ತು.

ಮೊದಲು ಪೆಟ್ಟಿಗೆಯ ಬದಿಯಲ್ಲಿ ‘ಆ್ಯಡೆಡ್ ಶುಗರ್ಸ್’ (ಸೇರಿಸಿದ ಸಕ್ಕರೆ) ಸಾಲಿನ ಗ್ರಾಂಗಳನ್ನು ಒಂದು ಸರ್ವಿಂಗ್‌ನ (ಒಂದು ಸಲ ತಿನ್ನುವ ಪ್ರಮಾಣದ) ಗ್ರಾಂಗಳಿಂದ ಭಾಗಿಸಿ ನೋಡಿ; ಸರ್ವಿಂಗ್‌ನ ಅಳತೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆಯಾಗುವುದರಿಂದ ಬರಿಯ ಗ್ರಾಂಗಳ ಹೋಲಿಕೆ ದಾರಿ ತಪ್ಪಿಸುತ್ತದೆ. ಎರಡು ದೇಶಗಳ ರುಚಿ ಪೂರ್ತಿ ಒಂದೇ ಆಗಿರದೆಯೂ ಇರಬಹುದು, ಆದ್ದರಿಂದ ಗೋಲ್ಡನ್ ಕ್ರಿಸ್ಪ್‌ನ ಚಿಕ್ಕ ಪೆಟ್ಟಿಗೆಯನ್ನೇ ಕೊಳ್ಳಿ. ಬಳಿಕ ಸಕ್ಕರೆ ಕಡಿಮೆ ಮಾಡಲು, ಸಕ್ಕರೆಯಿಲ್ಲದ ಪಫ್ಡ್ ವೀಟ್ (ಅರಳಿಸಿದ ಗೋಧಿ) ತಂದು, ಮೊದಲ ವಾರ ಕಾಲು ಪಾಲು ಬೆರೆಸಿ, ಮಗ ಒಪ್ಪಿದಂತೆ ಅರ್ಧಕ್ಕೆ ಏರಿಸಿ.