ಸ್ವಿಚ್ ಒಳಗೆ ಇಣುಕಿ ನೋಡೋದು ಹೆಂಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳು ಎಲ್ಲಾ ದಾವಣಗೆರೆ, ಚಿತ್ರದುರ್ಗ ಕಡೆಯವೇ, ಎಲ್ಲಾ ನೆಟ್‌ವರ್ಕ್ ಸ್ವಿಚ್ ಮೇಲೇನೇ. ಲೈಟ್ ಹಾಕೋ ಸ್ವಿಚ್ ಅಲ್ಲ ಮತ್ತೆ, ರ‍್ಯಾಕ್‌ನಲ್ಲಿ ಕೂತ್ಕೊಂಡು ಮಿಣಮಿಣ ಅನ್ನೋ, ಕಂಪ್ಯೂಟರ್‌ಗಳನ್ನ ಕೇಬಲ್‌ನಲ್ಲಿ ಒಂದಕ್ಕೊಂದು ಸೇರ್ಸೋ ಪೆಟ್ಟಿಗೆ. ನಾನೂ ದಾವಣಗೆರೆಯವನೇ, ಮಂಡಿಪೇಟೆ ಅಂಗಡಿಗಳಿಂದ ಹಿಡಿದು ಹರಿಹರ ರೋಡಿನ ರೈಸ್‌ಮಿಲ್ ತನಕ ಕೇಬಲ್ ಎಳ್ಕೊಂಡು ಓಡಾಡಿದವನು, ಹಂಗಾಗಿ ಮಾತು ಸ್ವಲ್ಪ ಉದ್ದ ಆದ್ರೆ ಬೈಕೋಬೇಡ್ರಿ.

ಪ್ರಶ್ನೆ: ನಮ್ಮ ಕಾಲೇಜ್ ಲ್ಯಾಬ್‌ಗೆ 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ (ಒಳಗೆ ಲಾಗಿನ್ ಆಗಿ ಸೆಟ್ಟಿಂಗ್ ನೋಡೋ ಥರದ್ದು) ತಂದು ಎರಡು ವರ್ಷ ಆಯ್ತು ಸರ್. ಹಾಕೋಕೆ ಬಂದವರು ವೈರ್ ಚುಚ್ಚಿ ಹೋದ್ರು ಅಷ್ಟೇ, ಲಾಗಿನ್ ಆಗಿ ಯಾರೂ ನೋಡಿಲ್ಲ. ಈಗ ಕೊನೇ ಸಾಲಿನ ಏಳು ಕಂಪ್ಯೂಟರ್ ತೆವಳ್ತವೆ, ಬೇರೆಯವು ಚೆನ್ನಾಗೇ ಇದಾವೆ. ಪ್ರಿನ್ಸಿಪಾಲರು ಸ್ವಿಚ್ಚೇ ಬದಲಾಯಿಸೋಣ ಅಂತಾರೆ. ಸಾಫ್ಟ್‌ವೇರ್‌ನಲ್ಲಿ ನೋಡ್ಬೋದಂತೆ, ಎಲ್ಲಿಂದ ಶುರು ಮಾಡ್ಲಿ?
ಲ್ಯಾಬ್ ಅಸಿಸ್ಟೆಂಟ್, ವಿದ್ಯಾನಗರ, ದಾವಣಗೆರೆ

ಉತ್ತರ: ಪ್ರಿನ್ಸಿಪಾಲರಿಗೆ ಒಂದು ವಾರ ತಡೀರಿ ಸರ್ ಅಂತ ಹೇಳ್ರಿ. ದುಡ್ಡು ಕೊಟ್ಟು ಮ್ಯಾನೇಜ್ಡ್ ಸ್ವಿಚ್ ತಂದು ಒಳಗೆ ನೋಡದೇ ಇರೋದು ಅಂದ್ರೆ ಟಿವಿ ತಂದು ರೇಡಿಯೋ ಥರ ಕೇಳಿದಂಗೆ. ನೀವೊಬ್ರೇ ಅಲ್ಲ ಬಿಡ್ರಿ, ನಾನು ನೋಡಿದ ಅರ್ಧಕ್ಕರ್ಧ ಕಡೆ ಹಿಂಗೇ.

ಮೊದ್ಲು ಒಳಗೆ ಹೋಗ್ಬೇಕಲ್ಲ. ಸ್ವಿಚ್ಚಿನ ಕೆಳಗಡೆ ಸ್ಟಿಕರ್ ನೋಡ್ರಿ, ಅದರ ಐಪಿ ಅಡ್ರೆಸ್ ಅಲ್ಲೇ ಬರೆದಿರ್ತಾರೆ. ಕಂಪನಿಗೊಂದು ಥರ ಇರುತ್ತೆ, ಡಿ-ಲಿಂಕ್ ಸ್ಮಾರ್ಟ್ ಸ್ವಿಚ್‌ಗಳಲ್ಲಿ 10.90.90.90, ನೆಟ್‌ಗಿಯರ್‌ನಲ್ಲಿ ಸಾಮಾನ್ಯವಾಗಿ 192.168.0.239. ಲ್ಯಾಪ್‌ಟಾಪಿಗೆ ಅದೇ ಸಾಲಿನ, ಕೊನೇ ನಂಬರ್ ಮಾತ್ರ ಬೇರೆ ಇರೋ ಒಂದು ಐಪಿ ಕೈಯಾರೆ ಕೊಟ್ಟು, ಒಂದೇ ಒಂದು ಕೇಬಲ್‌ನಲ್ಲಿ ಸ್ವಿಚ್ಚಿಗೆ ಸೇರಿಸಿ, ವೈಫೈ ಆಫ್ ಮಾಡಿ ಬ್ರೌಸರ್‌ನಲ್ಲಿ ಆ ನಂಬರ್ ಹೊಡೀರಿ. ವೈಫೈ ಆಫ್ ಮಾಡೋದು ಮರೆತು ಅರ್ಧ ದಿನ ಕಳ್ದವರಿದಾರೆ, ಅವರಲ್ಲಿ ನಾನೂ ಒಬ್ಬ. ಕಂಪನಿಯವರೇ ಕೊಡೋ ಸಾಫ್ಟ್‌ವೇರ್ ಇದ್ರೆ ಅದನ್ನ ವಿಂಡೋಸ್ ಮೇಲೆ ಹಾಕ್ರಿ, ಅದು ತಾನೇ ಕೂಗಿ ನೆಟ್‌ವರ್ಕ್‌ನಲ್ಲಿರೋ ಸ್ವಿಚ್‌ಗಳನ್ನ ಹುಡುಕುತ್ತೆ, ಆದ್ರೆ ಅದರ ಕೂಗು ರೂಟರ್ ದಾಟಿ ಹೋಗಲ್ಲ, ಅದಕ್ಕೇ ಅದೇ ನೆಟ್‌ವರ್ಕ್‌ನಲ್ಲಿ ಕೂತು ಹುಡುಕ್ಬೇಕು. ವಿಂಡೋಸ್ ಫೈರ್‌ವಾಲ್ ಅಡ್ಡ ಬಂದ್ರೂ ಲಿಸ್ಟ್ ಖಾಲಿ ತೋರಿಸುತ್ತೆ. ಒಳಗೆ ಹೋದ ತಕ್ಷಣ ಪಾಸ್‌ವರ್ಡ್ ಬದಲಾಯಿಸಿ ಒಂದು ಚೀಟೀಲಿ ಬರೆದು ಆಫೀಸ್ ಬೀರುವಿನಲ್ಲಿಡ್ರಿ. ಅದು ಬಿಟ್ರೆ ಬೇರೆ ಏನನ್ನೂ ಮುಟ್ಬೇಡ್ರಿ, ಒಂದು ವಾರ ಬರೀ ನೋಡ್ರಿ.

ಏನು ನೋಡೋದು ಅಂದ್ರೆ ಪೋರ್ಟ್ ಸ್ಟೇಟಸ್ ಅನ್ನೋ ಪೇಜು. ಪ್ರತಿ ಪೋರ್ಟ್ ಮುಂದೆ ಸ್ಪೀಡ್ ಇರುತ್ತೆ, ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ. ಎಲ್ಲಾ 1000 ಇದ್ದು ಒಂದು ಮಾತ್ರ 100 ಅಂತಿದ್ರೆ ನಿಮ್ಮ ಕಳ್ಳ ಅಲ್ಲೇ ಇದಾನೆ. ಕೇಬಲ್ ಒಳಗೆ ನಾಲ್ಕು ಜೊತೆ ತಂತಿ ಇರ್ತವಲ್ಲ, ಗಿಗಾಬಿಟ್‌ಗೆ (ಅದೇ 1000) ನಾಲ್ಕೂ ಬೇಕು, 100ಕ್ಕೆ ಎರಡೇ ಸಾಕು. ಹಂಗಾಗಿ ಒಂದು ತಂತಿ ಕಟ್ಟಾದ್ರೆ ಎಷ್ಟೋ ಸಲ ಕನೆಕ್ಷನ್ ಪೂರ್ತಿ ಹೋಗಲ್ಲ, ಸದ್ದಿಲ್ದೆ 100ಕ್ಕೆ ಇಳಿದು ಕೂತ್ಕೊಳ್ಳುತ್ತೆ, ಲೈಟೂ ಉರೀತಿರುತ್ತೆ, ನಮಗೆ ಎಲ್ಲಾ ಸರಿ ಇದ್ದಂಗೆ ಕಾಣುತ್ತೆ. ನೀವು ಹೇಳಿರೋದು ಪೂರ್ತಿ ಒಂದು ಸಾಲು ಅಂತ, ಅಂದ್ರೆ ಆ ಸಾಲಿನ ಕೊನೇಲಿ ಒಂದು ಸಣ್ಣ 8 ಪೋರ್ಟಿನ ಸ್ವಿಚ್ ಇಟ್ಟು ಅಲ್ಲಿಂದ ಒಂದೇ ಕೇಬಲ್ ದೊಡ್ಡದಕ್ಕೆ ತಂದಿರ್ತಾರೆ ಅಂತ ನನ್ನ ಲೆಕ್ಕ. ಆ ಒಂದು ಕೇಬಲ್ 100ಕ್ಕೆ ಇಳಿದಿದ್ರೆ ಏಳು ಕಂಪ್ಯೂಟರ್ ಅದನ್ನೇ ಹಂಚ್ಕೊಂಡು ತಿನ್ನಬೇಕು.

ಅದರ ಪಕ್ಕದಲ್ಲಿ ಎರರ್ ಲೆಕ್ಕ ಇರೋ ಪೇಜು ಇರುತ್ತೆ, ಸಿಆರ್‌ಸಿ ಎರರ್ ಅಂತ. ಬಂದ ಪ್ಯಾಕೆಟ್, ಅಂದ್ರೆ ಡೇಟಾದ ಒಂದು ತುಂಡು, ದಾರೀಲಿ ಕೆಟ್ಟು ಬಂದಿದ್ರೆ ಸ್ವಿಚ್ ಅದನ್ನ ಎಸೆದು ಒಂದು ಗೀಟು ಹಾಕ್ಕೊಳುತ್ತೆ. ಹರಿಹರ ರೋಡಿನ ಒಂದು ಮಿಲ್‌ನಲ್ಲಿ ನನಗೆ ಇದೇ ಆಗಿತ್ತು. ಬಿಲ್ಲಿಂಗ್ ಕಂಪ್ಯೂಟರ್ ಬೆಳಿಗ್ಗೆ ಚೆನ್ನಾಗಿ ಓಡುತ್ತೆ, ಹತ್ತೂವರೆಗೆ ಮೋಟ್ರು ಶುರು ಮಾಡಿದ್ರೆ ನಿಲ್ಲುತ್ತೆ. ಅವರು ಆಗಲೇ ಎರಡು ಕಂಪ್ಯೂಟರ್ ಬದಲಾಯಿಸಿದ್ರು. ನಾನು 7ನೇ ಪೋರ್ಟಿನ ಲೆಕ್ಕ ಸೊನ್ನೆ ಮಾಡಿ ಹೊರಗೆ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಟೀ ಕುಡಿದು ಬಂದೆ, ಬರೋಷ್ಟ್ರಲ್ಲಿ ಮೂರು ಸಾವಿರ ದಾಟಿತ್ತು, ರಿಫ್ರೆಶ್ ಒತ್ತಿದಂಗೆಲ್ಲಾ ಏರ್ತಾನೇ ಇತ್ತು. ಪಕ್ಕದ ಪೋರ್ಟ್‌ಗಳಲ್ಲಿ ಸೊನ್ನೆ. ಕೇಬಲ್ ಹಿಡ್ಕೊಂಡು ಹೋಗಿ ನೋಡಿದ್ರೆ ಮೋಟ್ರಿನ ಪವರ್ ವೈರ್ ಜೊತೆ ಒಂದೇ ಪೈಪಿನಲ್ಲಿ ತೂರಿಸಿದಾರೆ ಪುಣ್ಯಾತ್ಮರು. ಬೇರೆ ದಾರೀಲಿ ಎಳೆದ್ವಿ, ಲೆಕ್ಕ ನಿಂತ್ಹೋಯ್ತು. ಹೊಸ ಸ್ವಿಚ್ ತಂದಿದ್ರೆ ಅದೂ ಹಂಗೇ ಎಣಿಸ್ತಿತ್ತು. ನಿಮ್ಮಲ್ಲೂ ಲೆಕ್ಕ ಸೊನ್ನೆ ಮಾಡಿ ಮಧ್ಯಾಹ್ನದ ಬ್ಯಾಚ್ ಮುಗಿದ ಮೇಲೆ ನೋಡ್ರಿ, ಏನು ಬಂತು ಅಂತ ನನಗೂ ಬರೀರಿ. ಕೇಬಲ್ ಉದ್ದಾನೂ ಅಳೆದುಬಿಡ್ರಿ, 100 ಮೀಟರ್ ದಾಟಿದ್ರೆ ತಾಮ್ರದ ಕೇಬಲ್ ಮೇಲೆ ಗ್ಯಾರಂಟಿ ಇಲ್ಲ.

ಪ್ರಶ್ನೆ: ನಮ್ದು ಚಿತ್ರದುರ್ಗದಲ್ಲಿ ಬಟ್ಟೆ ಅಂಗಡಿ ಅಣ್ಣ. ಕ್ಯಾಮೆರಾಗಳನ್ನ ಬಿಲ್ಲಿಂಗ್‌ನಿಂದ ಬೇರೆ ಮಾಡೋಕೆ ವಿಲ್ಯಾನ್ (ಒಂದೇ ಸ್ವಿಚ್ಚನ್ನ ಬೇರೆ ಬೇರೆ ನೆಟ್‌ವರ್ಕ್ ಥರ ಭಾಗ ಮಾಡೋದು) ಹಾಕಣ ಅಂತ ಕೂತೆ, ಅಪ್ಲೈ ಒತ್ತಿದ ತಕ್ಷಣ ಸ್ವಿಚ್ಚೇ ಮಾಯ, ಪೇಜ್ ಓಪನ್ನೇ ಆಗ್ತಿಲ್ಲ. ಈಗ ಏನು ಮಾಡೋದು?
ಅಂಗಡಿ ನೋಡ್ಕೊಳ್ಳೋವಳು, ಚಿತ್ರದುರ್ಗ

ಉತ್ತರ: ಗಾಬರಿ ಆಗ್ಬೇಡಮ್ಮ, ಸ್ವಿಚ್ ಎಲ್ಲೂ ಹೋಗಿಲ್ಲ, ನೀನೇ ಹೊರಗೆ ನಿಂತ್ಕೊಂಡು ಒಳಗಿಂದ ಚಿಲಕ ಹಾಕ್ಕೊಂಡಿದೀಯ. ಲ್ಯಾಪ್‌ಟಾಪ್ ಸೇರಿಸಿದ್ದ ಪೋರ್ಟನ್ನೇ ಹೊಸ ವಿಲ್ಯಾನ್‌ಗೆ ಹಾಕಿರ್ತೀಯ, ಸ್ವಿಚ್ಚಿನ ಮ್ಯಾನೇಜ್‌ಮೆಂಟ್ ಮಾತ್ರ ಹಳೇ 1ನೇ ವಿಲ್ಯಾನ್‌ನಲ್ಲೇ ಕೂತಿದೆ. ಮೊದ್ಲು ನೀನು ಮುಟ್ಟದೇ ಇರೋ ಬೇರೆ ಪೋರ್ಟಿಗೆ ಲ್ಯಾಪ್‌ಟಾಪ್ ಹಾಕಿ ನೋಡು, ಹತ್ತಕ್ಕೆ ಎಂಟು ಸಲ ಇಷ್ಟರಲ್ಲೇ ಬರುತ್ತೆ. ಬರ್ಲಿಲ್ಲ ಅಂದ್ರೆ, ಸೇವ್ ಒತ್ತಿರ್ಲಿಲ್ಲ ತಾನೇ? ಹಂಗಿದ್ರೆ ಕರೆಂಟ್ ತೆಗೆದು ಹಾಕು. ಸುಮಾರು ಸ್ವಿಚ್‌ಗಳಲ್ಲಿ ಈಗ ಓಡ್ತಿರೋ ಸೆಟ್ಟಿಂಗ್ ಬೇರೆ, ಮುಂದಿನ ಸಲ ಏಳುವಾಗ ಓದ್ಕೊಳ್ಳೋ ಸೆಟ್ಟಿಂಗ್ ಬೇರೆ, ಸೇವ್ ಮಾಡಿದ್ರೆ ಮಾತ್ರ ಮೊದಲನೇದು ಎರಡನೇದಕ್ಕೆ ಹೋಗುತ್ತೆ. ಕೆಲವು ಅಗ್ಗದ ಮಾಡೆಲ್ಲು ಅಪ್ಲೈ ಒತ್ತಿದ್ರೇ ಸೇವ್ ಮಾಡ್ಕೊಂಡ್ಬಿಡ್ತವೆ, ಅಂಥದ್ದಾದ್ರೆ ಹಿಂದಿರೋ ರಿಸೆಟ್ ತೂತಿಗೆ ಪಿನ್ ಹಾಕಿ ಒತ್ತಿ ಹಿಡಿ, ಎಲ್ಲಾ ಅಳಿಸ್ಕೊಂಡು ಹೊಸದರ ಥರ ಏಳುತ್ತೆ.

ಈ ಸೇವ್ ವಿಷಯ ಉಲ್ಟಾನೂ ಕಚ್ಚುತ್ತೆ. ಎಲ್ಲಾ ಸರಿಯಾಗಿ ಮಾಡಿ ಸೇವ್ ಮರೆತು ಮನೆಗೆ ಹೋಗ್ತೀವಿ, ಮೂರು ತಿಂಗಳಾದ್ಮೇಲೆ ಒಂದಿನ ಮಳೆಗೆ ಕರೆಂಟ್ ಹೋಗಿ ಬಂದಾಗ ಸ್ವಿಚ್ ಎಲ್ಲಾ ಮರೆತು ಕೂತಿರುತ್ತೆ, ಆಗ ಏನು ಮಾಡಿದ್ವಿ ಅನ್ನೋದು ನಮಗೂ ನೆನಪಿರಲ್ಲ. ಅದಕ್ಕೇ ಮುಟ್ಟೋಕೆ ಮುಂಚೆ ಒಂದು, ಮುಟ್ಟಿದ ಮೇಲೆ ಒಂದು ಬ್ಯಾಕಪ್ ಫೈಲ್ ಇಳಿಸ್ಕೊಂಡು ತಾರೀಖು ಹಾಕಿ ಇಡು. ದೊಡ್ಡ ಸಿಸ್ಕೋ ಸ್ವಿಚ್ ಜೊತೆ ದೂರದಿಂದ ಕೆಲಸ ಮಾಡೋರು ಇನ್ನೊಂದು ಉಪಾಯ ಮಾಡ್ತಾರೆ, ಶುರು ಮಾಡೋಕೆ ಮುಂಚೆ ರಿಲೋಡ್ ಇನ್ 10 ಅಂತ ಹೊಡೆದುಬಿಡ್ತಾರೆ. ತಪ್ಪಾಗಿ ಹೊರಗೆ ಬಿದ್ರೂ ಹತ್ತು ನಿಮಿಷಕ್ಕೆ ಅದು ತಾನೇ ಮಲಗಿ ಎದ್ದು ಹಳೇ ಸೆಟ್ಟಿಂಗಿಗೆ ಬರುತ್ತೆ. ಎಲ್ಲಾ ಸರಿಹೋದ್ರೆ ರಿಲೋಡ್ ಕ್ಯಾನ್ಸಲ್. ನಾನು ಬೆಂಗಳೂರಿನ ಒಂದು ಸ್ವಿಚ್ಚನ್ನ ದಾವಣಗೆರೆಯಿಂದ ಮುಟ್ಟುವಾಗ ಇದನ್ನ ಹೊಡೀದೆ ಕೈ ಸುಟ್ಕೊಂಡು ರಾತ್ರಿ ಬಸ್ ಹತ್ತಿದ್ದೀನಿ, ಆ ಕಥೆ ಬೇಡ.

ಮತ್ತೆ ಒಂದು ಮಾತು, ವಿಲ್ಯಾನ್ ಬೇರೆ ಮಾಡಿದ ಮೇಲೆ ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಕ್ಯಾಮೆರಾ ನೋಡೋಕಾಗಲ್ಲ, ನಡುವೆ ದಾಟಿಸೋಕೆ ವಿಲ್ಯಾನ್ ಗೊತ್ತಿರೋ ರೂಟರ್ ಬೇಕು. ಅದಿಲ್ದೇ ಕೂತಿದ್ರೆ ಇನ್ನೂ ಸ್ವಲ್ಪ ದಿನ ಹಂಗೇ ಇರ್ಲಿ ಬಿಡು.

ಪ್ರಶ್ನೆ: ಚಳ್ಳಕೆರೆ ಎಣ್ಣೆ ಮಿಲ್ ನಮ್ದು. ಆಫೀಸು, ಗೋಡೌನು, ಗೇಟು ಸೇರಿ ಆರು ಸ್ವಿಚ್ ಐತೆ. ಒಂದೊಂದಕ್ಕೂ ಹೋಗಿ ಲಾಗಿನ್ ಆಗಿ ನೋಡೋದು ಸಾಕಾಗೈತೆ. ಎಲ್ಲಾ ಒಂದೇ ಕಡೆ ಗ್ರಾಫ್‌ನಲ್ಲಿ ತೋರ್ಸೋ ಫ್ರೀ ಸಾಫ್ಟ್‌ವೇರ್ ಐತಾ? ಕಾಸು ಬಿಚ್ಚಲ್ಲ ನಮ್ಮ ಸಾಹುಕಾರ್ರು.
ಮಿಲ್ ಸೂಪರ್‌ವೈಸರ್, ಚಳ್ಳಕೆರೆ

ಉತ್ತರ: ಐತೆ, ಚಿಂತೆ ಬೇಡ. ಜ್ಯಾಬಿಕ್ಸ್, ಲಿಬ್ರೆಎನ್‌ಎಂಎಸ್ ಎರಡೂ ಫ್ರೀ, ಮೂಲೇಲಿ ಬಿದ್ದಿರೋ ಹಳೇ ಕಂಪ್ಯೂಟರ್ ಮೇಲೆ ಲಿನಕ್ಸ್ ಹಾಕಿ ಓಡಿಸ್ಬೋದು. ಬರೀ ಸ್ವಿಚ್ ನೋಡೋಕೆ ಲಿಬ್ರೆಎನ್‌ಎಂಎಸ್ ಸುಲಭ, ಐಪಿ ಕೊಟ್ರೆ ಪೋರ್ಟ್‌ಗಳನ್ನೆಲ್ಲಾ ತಾನೇ ಹುಡುಕ್ಕೊಂಡು ಗ್ರಾಫ್ ಬರೆಯುತ್ತೆ. ಜ್ಯಾಬಿಕ್ಸ್ ಇನ್ನೂ ಏನೇನೋ ಮಾಡುತ್ತೆ, ಆದ್ರೆ ಕಲಿಯೋಕೆ ತಾಳ್ಮೆ ಬೇಕು. ಈ ಗ್ರಾಫ್ ಹುಚ್ಚು ಹಳೇದು, 1995ರಲ್ಲಿ ಟೋಬಿಯಾಸ್ ಓಟಿಕರ್ ಅನ್ನೋರು ತಮ್ಮ ಲೈನ್ ಎಷ್ಟು ತುಂಬಿದೆ ಅಂತ ನೋಡೋಕೆ ಎಂಆರ್‌ಟಿಜಿ ಬರೆದ್ರು, ಐದು ನಿಮಿಷಕ್ಕೊಂದು ಸಲ ಕೇಳಿ ಗೆರೆ ಎಳೆಯೋದು. ಈಗಲೂ ಸುಮಾರು ಕಡೆ ಅದೇ ಐದು ನಿಮಿಷ.

ಎಲ್ಲಾ ನಡೆಯೋದು ಎಸ್‌ಎನ್‌ಎಂಪಿ ಅನ್ನೋ ಭಾಷೇಲಿ. ಸಾಫ್ಟ್‌ವೇರ್ ಸ್ವಿಚ್ಚಿನ 161ನೇ ಪೋರ್ಟಿಗೆ (ಇದು ಕೇಬಲ್ ಚುಚ್ಚೋ ತೂತಲ್ಲ, ಸಾಫ್ಟ್‌ವೇರ್ ಬಾಗಿಲಿನ ನಂಬರ್) ಹೋಗಿ ಮೂರನೇ ಕೇಬಲ್ ಪೋರ್ಟಲ್ಲಿ ಇಲ್ಲಿಗಂಟ ಎಷ್ಟು ಬೈಟು ಬಂತಪ್ಪ ಅಂತ ಕೇಳುತ್ತೆ, ಅದು ಒಂದು ನಂಬರ್ ಹೇಳುತ್ತೆ, ಹಿಂದಿನ ನಂಬರ್ ಕಳೆದು ಹೊತ್ತಿಂದ ಭಾಗಿಸಿದ್ರೆ ಸ್ಪೀಡು. ಮನೆ ಕರೆಂಟ್ ಮೀಟರ್ ಓದೋರ ಲೆಕ್ಕಾನೇ. ಆದ್ರೆ ಸ್ವಿಚ್ಚಿನ ಹಳೇ ಮೀಟರ್ 32 ಬಿಟ್ಟಿಂದು, ಗಿಗಾಬಿಟ್ ಲೈನ್ ಪೂರ್ತಿ ತುಂಬಿ ಓಡಿದ್ರೆ ಸುಮಾರು 34 ಸೆಕೆಂಡಿಗೇ ಒಂದು ಸುತ್ತು ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತೆ. ಐದು ನಿಮಿಷಕ್ಕೊಮ್ಮೆ ಓದೋನಿಗೆ ಅದು ಎಷ್ಟು ಸುತ್ತು ಹೊಡೀತು ಅಂತ ಹೆಂಗೆ ಗೊತ್ತಾಗ್ಬೇಕು? ಅದಕ್ಕೇ 64 ಬಿಟ್ಟಿನ ಕೌಂಟರ್ ಬಳಸ್ರಿ, ಅದಕ್ಕೆ ಎಸ್‌ಎನ್‌ಎಂಪಿ ವರ್ಷನ್ 2ಸಿ ಇಲ್ಲಾ 3 ಆನ್ ಮಾಡಿರ್ಬೇಕು. ಗ್ರಾಫ್ ನೋಡಿ ಟ್ರಾಫಿಕ್ಕೇ ಇಲ್ಲ ಅಂತ ಅಂದ್ಕೊಂಡವರು ಸುಮಾರು ಜನ ಈ 32 ಬಿಟ್ಟಿಗೆ ಸಿಕ್ಕಿಬಿದ್ದವರು.

ಇನ್ನೊಂದು, ಎಸ್‌ಎನ್‌ಎಂಪಿ ಆನ್ ಮಾಡ್ದಾಗ ಸುಮಾರು ಸ್ವಿಚ್‌ಗಳಲ್ಲಿ ಕಮ್ಯುನಿಟಿ ಅನ್ನೋ ಜಾಗದಲ್ಲಿ ಪಬ್ಲಿಕ್ ಅಂತ ಇರುತ್ತೆ, ಬರೆಯೋ ಅಧಿಕಾರಕ್ಕೆ ಪ್ರೈವೇಟ್ ಅಂತ. ಅದು ಪಾಸ್‌ವರ್ಡೇ ಕಣ್ರಿ, ಊರಿಗೆಲ್ಲಾ ಗೊತ್ತಿರೋ ಪಾಸ್‌ವರ್ಡು. ಬದಲಾಯಿಸ್ರಿ, ಬರೆಯೋದನ್ನ ಪೂರ್ತಿ ತೆಗೆದುಬಿಡ್ರಿ, ನಿಮಗೆ ಬೇಕಿರೋದು ಓದೋದು ಮಾತ್ರ. ಸ್ವಿಚ್ಚಿಗೆ ವರ್ಷನ್ 3 ಬರುತ್ತೆ ಅಂದ್ರೆ ಅದನ್ನೇ ಹಾಕ್ರಿ, 1 ಮತ್ತೆ 2ಸಿ ಎರಡರಲ್ಲೂ ಆ ಪಾಸ್‌ವರ್ಡ್ ಬೆತ್ತಲಾಗೇ ಓಡಾಡುತ್ತೆ.

ಪ್ರಶ್ನೆ: ನಿನ್ನೆ ಆಫೀಸ್‌ನಲ್ಲಿ ಸ್ವಿಚ್ಚಿನ ಎಲ್ಲಾ ಲೈಟೂ ಒಂದೇ ಸಮ ಹುಚ್ಚು ಹಿಡಿದಂಗೆ ಮಿನುಗಿ ಪೂರ್ತಿ ನೆಟ್ ಸತ್ತೋಯ್ತು. ವೈರಸ್ಸಾ?
ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ವೈರಸ್ ಅಲ್ಲ, ಯಾರೋ ಕಸ ಗುಡಿಸುವಾಗ ನೇತಾಡ್ತಿದ್ದ ಕೇಬಲ್ ನೋಡಿ ಪಾಪ ಅಂತ ಅದರ ಇನ್ನೊಂದು ತುದೀನೂ ಸ್ವಿಚ್ಚಿಗೇ ಚುಚ್ಚಿರ್ತಾರೆ. ಪ್ಯಾಕೆಟ್ ಗಾಣದೆತ್ತಿನ ಥರ ಸುತ್ತುತ್ತೆ, ನಿಲ್ಲೋದೇ ಇಲ್ಲ. ಇದಕ್ಕೆ 1985ರಲ್ಲೇ ರಾಡಿಯಾ ಪರ್ಲ್‌ಮನ್ ಅನ್ನೋ ಹೆಣ್ಮಗಳು ಸ್ಪ್ಯಾನಿಂಗ್ ಟ್ರೀ ಅಂತ, ಇಂಥ ಸುತ್ತು ಕಂಡ್ರೆ ಒಂದು ದಾರಿ ಮುಚ್ಚಿಬಿಡೋ ಉಪಾಯ ಕಂಡುಹಿಡಿದಾರೆ, ನಿಮ್ಮ ಸ್ವಿಚ್ಚಿನ ಒಳಗೂ ಇರ್ಬೋದು, ಆಫ್ ಆಗಿರುತ್ತೆ ಅಷ್ಟೇ. ಆನ್ ಮಾಡ್ರಿ. ಅದಿಲ್ಲಾಂದ್ರೆ ಲೂಪ್ ಡಿಟೆಕ್ಷನ್ ಅಂತ ಇರುತ್ತೆ, ಅದಾದ್ರೂ ಆನ್ ಇರ್ಲಿ.

ಪ್ರಶ್ನೆ: ಪಿಒಇ ಸ್ವಿಚ್ಚಿಗೆ (ನೆಟ್ ಕೇಬಲ್‌ನಲ್ಲೇ ಕರೆಂಟೂ ಕೊಡೋದು) ಎಂಟು ಕ್ಯಾಮೆರಾ ಹಾಕಿದೀವಿ, ಹಗಲೆಲ್ಲಾ ಸರಿ, ಕತ್ತಲಾದ್ರೆ ಎರಡು ಆಫ್ ಆಗ್ತವೆ. ದೆವ್ವದ ಕಾಟ ಅಂತಾನೆ ವಾಚ್‌ಮನ್.
ಹಿರಿಯೂರು

ಉತ್ತರ: ಕತ್ತಲಾದ ಮೇಲೆ ಕ್ಯಾಮೆರಾ ಒಳಗಿನ ಐಆರ್ ಲೈಟ್ ಹತ್ಕೊಳ್ತವೆ, ಜಾಸ್ತಿ ಕರೆಂಟ್ ಎಳೀತವೆ. ಒಂದೊಂದು ಪೋರ್ಟೂ 15.4 ವ್ಯಾಟ್ ಕೊಡುತ್ತೆ ಅಂತ ಡಬ್ಬಿ ಮೇಲೆ ಇರುತ್ತೆ, ಎಂಟಕ್ಕೆ ಲೆಕ್ಕ ಹಾಕಿದ್ರೆ 123 ದಾಟ್ತು, ಆದ್ರೆ ಇಡೀ ಸ್ವಿಚ್ಚಿಗೆ ಒಟ್ಟು ಇಷ್ಟೇ ಅಂತ ಇನ್ನೊಂದು ಮಿತಿ ಸಣ್ಣ ಅಕ್ಷರದಲ್ಲಿರುತ್ತೆ, ಅದು 60-65 ಇದ್ರೂ ಇರ್ಬೋದು. ಮಿತಿ ಮುಗಿದ್ರೆ ಪ್ರಯಾರಿಟಿ ಕಮ್ಮಿ ಇರೋ ಪೋರ್ಟನ್ನ ಸ್ವಿಚ್ ತಾನೇ ಆಫ್ ಮಾಡುತ್ತೆ. ಸಂಜೆ ಏಳಕ್ಕೆ ಪಿಒಇ ಪೇಜ್ ತೆಗೆದಿಟ್ಕೊಂಡು ವ್ಯಾಟ್ ಏರೋದು ನೋಡ್ರಿ, ಗೇಟ್ ಕ್ಯಾಮೆರಾದ ಪ್ರಯಾರಿಟಿ ಹೈ ಮಾಡ್ರಿ, ಆ ಪೇಜನ್ನ ವಾಚ್‌ಮನ್‌ಗೂ ಒಂದ್ಸಲ ತೋರಿಸ್ರಿ.