ನನಗೆ 33, ಅವರಿಗೆ 70

ಪ್ರಶ್ನೆ: ಮದುವೆಯಾಗಿ ಏಳು ವರ್ಷ. ಎರಡು ಸಲ ಐವಿಎಫ್ ಮಾಡಿಸಿದೆವು, ನಿಲ್ಲಲಿಲ್ಲ. ಯಜಮಾನರಿಗೆ ವೀರ್ಯಾಣು ಕಡಿಮೆ. ಅದು ನಮ್ಮಿಬ್ಬರಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೂರನೇ ಸಲಕ್ಕೆ ಹೋದಾಗ ಆಸ್ಪತ್ರೆಯಲ್ಲಿ ಇಬ್ಬರಿಗೂ ‘ಫರ್ಟಿಕ್ವಾಲ್’ ಅಂತ ಫಾರ್ಮ್ ಕೊಟ್ಟರು. ಅತ್ತೆಯ ಪಕ್ಕ ಕುಳಿತೇ ತುಂಬಿದೆ. ನನಗೆ ನೂರಕ್ಕೆ 33, ಅವರಿಗೆ 70. ನನ್ನದು ಭಾವನೆ 21, ದೇಹ-ಮನಸ್ಸು 29, ದಾಂಪತ್ಯ 71, ಸಮಾಜ 12.5. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಾಗಿದ್ದರೆ ಫೇಲು! ಇದನ್ನು ನೋಡಿ ಚಿಕಿತ್ಸೆ ನಿಲ್ಲಿಸಿಬಿಡುತ್ತಾರಾ? ಇವರಿಗೆ ನೋವೇ ಇಲ್ಲವಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ಹಳೆಯ 35ರ ಗೆರೆ ಅಳಿಸಿಬಿಡಿ ತಾಯಿ. ಇದರಲ್ಲಿ ಪಾಸು-ಫೇಲು ಇಲ್ಲ. ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಹೇಳುವ ಅಳತೆಯೂ ಇದಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಜಾಕಿ ಬೊಯ್ವಿನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಇದು; ಮಕ್ಕಳಾಗದ ತೊಂದರೆ ದಿನದಿನದ ಬದುಕನ್ನು ಎಷ್ಟು ತಟ್ಟಿದೆ ಎಂದು ಅಳೆಯುತ್ತದೆ. ಒಟ್ಟು 36 ಪ್ರಶ್ನೆ. ನೀವು ಬರೆದ ನಾಲ್ಕು ವಿಭಾಗಗಳಿಗೆ ತಲಾ ಆರು, ಹತ್ತು ಚಿಕಿತ್ಸೆಯ ಅನುಭವದ ಬಗ್ಗೆ, ಉಳಿದೆರಡು ಒಟ್ಟಾರೆ ಆರೋಗ್ಯ, ನೆಮ್ಮದಿಯ ಬಗ್ಗೆ. ಪ್ರತಿ ಉತ್ತರಕ್ಕೆ ಸೊನ್ನೆಯಿಂದ ನಾಲ್ಕು. ಅಂಕ ಹೆಚ್ಚಿದಷ್ಟೂ ಬದುಕು ಹಗುರ.

ನಿಮ್ಮ 33ನ್ನು ನಾನು ನೋಡುವುದೇ ಇಲ್ಲ. ನೋಡುವುದು ದಾಂಪತ್ಯದ 71 ಮತ್ತು ಸಮಾಜದ 12.5. ಮನೆಯೊಳಗೆ ನೀವಿಬ್ಬರೂ ಚೆನ್ನಾಗಿದ್ದೀರಿ. ಪೆಟ್ಟು ಬೀಳುತ್ತಿರುವುದು ಹೊರಗಿನಿಂದ. ಸೀಮಂತಕ್ಕೆ ಕರೆದರೆ ಹೋಗಲೋ ಬೇಡವೋ, ಹೋದರೆ ಉಡಿ ತುಂಬುವಾಗ ಎಲ್ಲಿ ನಿಲ್ಲಲಿ, ಇದೆಲ್ಲ ಆ ವಿಭಾಗಕ್ಕೇ ಸೇರುತ್ತದೆ. ಮನೆಯವರಿಗೆ ನಿಮ್ಮ ಕಷ್ಟ ಅರ್ಥವಾಗುತ್ತದೆಯೇ ಅನ್ನುವ ಪ್ರಶ್ನೆಯೂ ಅಲ್ಲೇ ಇದೆ. ಅದನ್ನು ಅತ್ತೆಯ ಪಕ್ಕ ಕುಳಿತು ತುಂಬಿದಿರಾ! 12.5 ಅಂದರೆ ಆರು ಪ್ರಶ್ನೆಯ 24 ಅಂಕಕ್ಕೆ ಮೂರು. ಆ ಮೂರೂ ಅತ್ತೆಯ ಮುಲಾಜಿಗೆ ಬಿದ್ದವೋ ಏನೋ.

ಇನ್ನು ಅವರ 70. ನೋವಿಲ್ಲ ಅಂತ ಅದರಿಂದ ತೀರ್ಮಾನಿಸಬೇಡಿ. ವೀರ್ಯಾಣು ಎಣಿಕೆ ಕಡಿಮೆ ಅವರದ್ದು, ‘ಏನಾದರೂ ವಿಶೇಷ ಉಂಟಾ?’ ಎಂಬ ಪ್ರಶ್ನೆ ಮಾತ್ರ ನಿಮಗೆ. ಅವರನ್ನು ಕೇಳುವವರೇ ಇಲ್ಲ. ಮೂವತ್ತು ವರ್ಷದಿಂದ ದಂಪತಿಗಳ ಮಾತು ಕೇಳುತ್ತಿರುವ ನನಗೆ ಗಂಡಸರ ಹೆಚ್ಚಿನ ಅಂಕದ ಮೇಲೆ ಸ್ವಲ್ಪ ಅನುಮಾನವೇ. ಕೆಲವರು ಕೊನೆಯ ಪ್ರಶ್ನೆ ಬರುವವರೆಗೂ ‘ಆರಾಮಿದ್ದೀನಿ ಮೇಡಂ’ ಅನ್ನುತ್ತಾರೆ, ಆಮೇಲೆ ಹೊರಗೆ ಬೈಕ್ ಹತ್ತಿರ ನಿಂತು ಅಳುತ್ತಾರೆ. ಅವರ ಗುಟ್ಟನ್ನು ಊರಿಗೆಲ್ಲ ಹೇಳಿ ಅನ್ನುತ್ತಿಲ್ಲ, ಅದು ಅವರ ಒಪ್ಪಿಗೆಯ ಮಾತು. ಆದರೆ ಮುಂದಿನ ನಾಮಕರಣದಲ್ಲಿ ದೊಡ್ಡಮ್ಮ ಬಾಯಿ ತೆರೆದಾಗ ಉತ್ತರ ಅವರೇ ಕೊಡಲಿ: ‘ಇಬ್ಬರೂ ತೋರಿಸಿಕೊಳ್ಳುತ್ತಿದ್ದೇವೆ, ಇದ್ದರೆ ನಾವೇ ಹೇಳ್ತೀವಿ.’

ಚಿಕಿತ್ಸೆ ನಿಲ್ಲಿಸುವ ಭಯ ಬೇಡ. 2021ರ ಎಆರ್‌ಟಿ (ಐವಿಎಫ್‌ನಂಥ ನೆರವಿನ ಸಂತಾನೋತ್ಪತ್ತಿ ಚಿಕಿತ್ಸೆಯ) ಕಾಯ್ದೆಯ ಪ್ರಕಾರ ಪರಿಣಾಮಗಳು, ಯಶಸ್ಸಿನ ಸಾಧ್ಯತೆ ಕುರಿತು ಆಪ್ತ ಸಮಾಲೋಚನೆ ಕೊಡುವುದು ಕ್ಲಿನಿಕ್‌ನ ಕರ್ತವ್ಯ. ಆ ಹಾಳೆ ಹಿಡಿದು ಸಮಾಲೋಚಕರ ಮುಂದೆ ಕುಳಿತುಕೊಳ್ಳಿ. 21 ಮತ್ತು 29 ಕೂಡ ಹಗುರವಾಗಿ ಬಿಡುವ ಅಂಕಗಳಲ್ಲ. ನಿದ್ದೆ ಹಾರಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೆ ಆ ಫಾರ್ಮ್ ಇನ್ನೊಮ್ಮೆ ಕೇಳಿ ತುಂಬಿ, ಒಬ್ಬರೇ ಕುಳಿತು. ಅಷ್ಟು ಹೊತ್ತು ಮಗ ಅಮ್ಮನನ್ನು ಬೆಣ್ಣೆ ದೋಸೆಗೆ ಕರಕೊಂಡು ಹೋಗಲಿ.