ನಿಂತೇ ಇರಬೇಕೇ?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟು ಮುಗಿಸಿದ ನಾನು ಎರಡು ತಿಂಗಳಿಂದ ಕಾಸರಗೋಡು ಪೇಟೆಯ ಒಂದು ಸೂಪರ್ ಮಾರ್ಕೆಟಿನಲ್ಲಿ ಕೆಲಸಕ್ಕಿದ್ದೇನೆ. ಗಿರಾಕಿಗಳು ಮಲಯಾಳದಲ್ಲಿ ಕೇಳುವ ಜೀನಸು ಯಾವುದೆಂದು ತಟ್ಟನೆ ತಿಳಿಯುವುದಿಲ್ಲ. ನಿಂತು ನಿಂತು ಸಂಜೆಗೆ ಕಾಲು ಬಾತುಕೊಳ್ಳುತ್ತದೆ. ಗಿರಾಕಿಗಳಿಲ್ಲದಾಗ ಕುಳಿತರೂ ಸೂಪರ್‌ವೈಸರ್ ಗದರುತ್ತಾರೆ. ಕೆಲಸ ಬಿಡುವುದೇ ಲೇಸೇ?
– ಓದುಗಿ, ಬದಿಯಡ್ಕ

ಉತ್ತರ: ಈಗಲೇ ಬಿಡಬೇಡಿ. ನಿಮ್ಮ ಮೊದಲ ತೊಂದರೆ ತಾನಾಗಿ ಕಳೆಯುವಂಥದ್ದು. ಎರಡನೆಯದನ್ನು ಮಾತ್ರ ನೀವು ಸಹಿಸಿಕೊಂಡಿರಬೇಕಾಗಿಲ್ಲ.

ಪುಳುಕ್ಕಲರಿ ಎಂದರೆ ನಮ್ಮ ಕುಚ್ಚಲಕ್ಕಿ, ಪಚ್ಚರಿ ಎಂದರೆ ಬೆಳ್ತಿಗೆ. ಪರಿಪ್ಪು ಬೇಳೆ, ಚೆರುಪಯರ್ ಹೆಸರುಕಾಳು, ಉಲುವ ಮೆಂತೆ. ಮಲ್ಲಿ ಕೇಳಿದವರಿಗೆ ಬೇಕಾದದ್ದು ಹೂವಲ್ಲ, ಕೊತ್ತಂಬರಿ. ದಿನಕ್ಕೆ ಐದು ಹೆಸರುಗಳನ್ನು ಚಿಕ್ಕ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದುಕೊಂಡರೆ ತಿಂಗಳೊಳಗೆ ಅಂಗಡಿಯ ಮುಕ್ಕಾಲು ಪಾಲು ಸಾಮಾನು ನಾಲಿಗೆಗೆ ಬರುತ್ತದೆ. ತುಳು, ಕನ್ನಡ, ಮಲಯಾಳ ಮೂರರಲ್ಲೂ ಗಿರಾಕಿಗೆ ಉತ್ತರಿಸಬಲ್ಲವರನ್ನು ನಮ್ಮ ಜಿಲ್ಲೆಯ ಯಾವ ವ್ಯಾಪಾರಿಯೂ ಸುಲಭವಾಗಿ ಕಳೆದುಕೊಳ್ಳಲು ಬಯಸುವುದಿಲ್ಲ.

ಇನ್ನು ಕುಳಿತುಕೊಳ್ಳುವ ವಿಷಯ. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆ ಅಂಗಡಿಗಳಲ್ಲಿ ನಿಮ್ಮಂತೆಯೇ ದಿನವಿಡೀ ನಿಂತು ದುಡಿಯುತ್ತಿದ್ದ ಹೆಣ್ಣುಮಕ್ಕಳು, ಪಿ. ವಿಜಿಯವರು ಮುನ್ನಡೆಸಿದ ‘ಪೆಣ್‌ಕೂಟ್ಟ್’ ಸಂಘಟನೆಯ ಮೂಲಕ ವರ್ಷಗಟ್ಟಲೆ ಹೋರಾಡಿದ ಫಲವಾಗಿ, 1960ರ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿಗೆ 2018ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಕೆಲಸಗಾರರಿಗೆ ಆಸನ ಒದಗಿಸುವುದು ಮಾಲಕರ ಹೊಣೆ. ಕೆಲಸದ ನಡುವೆ ಅವಕಾಶ ಸಿಕ್ಕಾಗ ಕುಳಿತುಕೊಳ್ಳುವುದು ನಿಮ್ಮ ಹಕ್ಕು. ಗಿರಾಕಿಯ ಎದುರು ಕುಳಿತರೆ ಅಗೌರವವೆಂಬ ಭಾವನೆ ನಮ್ಮ ಹಿರಿಯ ವ್ಯಾಪಾರಿಗಳಲ್ಲಿ ಬೇರೂರಿದೆ, ಆದರೆ ಗಲ್ಲಾದ ಹಿಂದೆ ಅವರೇ ಕುಳಿತು ವ್ಯಾಪಾರ ಮಾಡಿದವರಲ್ಲವೇ? ಅದೇ ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ದರದ ಕೂಲಿಯಿದೆ. ಒಂದು ಗಂಟೆಯ ಬಿಡುವು ಕೊಡದೆ 4 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಆದುದರಿಂದ ಬರುವ, ಹೋಗುವ ಸಮಯವನ್ನು ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಪ್ರತಿದಿನ ಬರೆದಿಡಿ.

ಮೊದಲು ಜತೆಗಾರ್ತಿಯರೊಂದಿಗೆ ಸೇರಿ, ಸೂಪರ್‌ವೈಸರನ್ನು ದಾಟಿ ನೇರವಾಗಿ ಮಾಲಕರಲ್ಲಿಯೇ ಎರಡು ಸ್ಟೂಲು ಕೇಳಿ. ಬಹಳ ಕಡೆ ಇಷ್ಟರಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಅಸಿಸ್ಟೆಂಟ್ ಲೇಬರ್ ಆಫೀಸರ್‌ಗೆ ದೂರು ಕೊಡಿ. ಮಲಯಾಳ ಬರೆಯಲು ಬಾರದೆಂದು ಹಿಂಜರಿಯಬೇಡಿ: 1969ರ ಕೇರಳದ ಅಧಿಕೃತ ಭಾಷಾ ಕಾನೂನು, ಇಲ್ಲಿಯ ಕನ್ನಡಿಗರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರ ವ್ಯವಹಾರ ನಡೆಸಲು, ಕನ್ನಡದಲ್ಲಿಯೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ದೂರಿನ ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿ ನಿಮ್ಮ ಕೈಯಲ್ಲಿಟ್ಟುಕೊಳ್ಳಿ.